ಕಿವಿಯ ಮೇಲಿನ ಹೂವು ಬಾಡಿದ ಮೇಲೆ

2023ರ ಫೆಬ್ರುವರಿ 17. ಹಣಕಾಸು ಖಾತೆಯನ್ನೂ ತಮ್ಮಲ್ಲೇ ಇರಿಸಿಕೊಂಡಿದ್ದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು 3.09 ಲಕ್ಷ ಕೋಟಿ ರೂಪಾಯಿಗಳ ಬಜೆಟ್ ಮಂಡಿಸಲು ವಿಧಾನಸಭೆಯಲ್ಲಿ ಎದ್ದು ನಿಂತಾಗ, ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಮತ್ತು ಅವರ ಪಕ್ಷದ ಶಾಸಕರು ಕಿವಿಯ ಮೇಲೆ ಹೂವು ಸಿಕ್ಕಿಸಿಕೊಂಡು ಎದುರಿನ ಸಾಲುಗಳಲ್ಲಿ ಕುಳಿತಿದ್ದರು. ಕನ್ನಡ ಬಲ್ಲ ಯಾರಿಗೂ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. 2018ರ ಪ್ರಣಾಳಿಕೆಯ ಭರವಸೆಗಳು ಬಹುಪಾಲು ಈಡೇರಿಲ್ಲ, ಚುನಾವಣೆಯ ಹೊಸ್ತಿಲಲ್ಲಿ ಓದುತ್ತಿರುವ ಈ ಹೊಸ ಭರವಸೆಗಳೂ ಜನರ ಕಿವಿಗೆ ಮುಡಿಸುವ ಹೂವೇ ಎಂಬುದು ಅವರ ಮಾತು. ಗಂಟೆಗಟ್ಟಲೆ ಮಾಡಬಹುದಾಗಿದ್ದ ಭಾಷಣವನ್ನು ಒಂದು ಹೂವು ಮಾಡಿ ಮುಗಿಸಿತ್ತು. ಮರುದಿನವೇ ಬೆಂಗಳೂರಿನ ಗೋಡೆಗಳ ಮೇಲೆ ಆಡಳಿತ ಪಕ್ಷ ಬರೆಸಿದ್ದ ಭರವಸೆಯ ಬರಹಗಳ ಮೇಲೆ 'ಕಿವಿ ಮೇಲೆ ಹೂವ' ಎಂಬ ಭಿತ್ತಿಪತ್ರಗಳು ಅಂಟಿಕೊಂಡವು.

ಸದನ ನಕ್ಕಿತು, ನಾಡೂ ನಕ್ಕಿತು. ಅದಾದ ಸುಮಾರು ಮೂರು ತಿಂಗಳಿಗೆ ಹೂವು ಮುಡಿದವರು ಅಧಿಕಾರಕ್ಕೆ ಬಂದರು. ಈಗ ಆ ಹೂವು ಬಾಡಿ ವರ್ಷಗಳೇ ಕಳೆದಿರುವಾಗ, ನಗೆಯ ಸದ್ದು ಅಡಗಿರುವಾಗ ಒಂದು ಪ್ರಶ್ನೆಯನ್ನು ನಿಧಾನವಾಗಿ ಕೇಳಿಕೊಳ್ಳಬಹುದಾಗಿದೆ. ಸರ್ಕಾರದ ದುಂದುವೆಚ್ಚವನ್ನು, ಅದಕ್ಷತೆಯನ್ನು, ಹುಸಿ ಭರವಸೆಯನ್ನು ನಮ್ಮ ರಾಜಕಾರಣಿಗಳು ಇಷ್ಟು ಚೆನ್ನಾಗಿ ಅಣಕಿಸಬಲ್ಲರಾದರೆ, ಆ ಅಣಕದಿಂದ ಖಜಾನೆಗೆ ಒಂದು ರೂಪಾಯಿಯಾದರೂ ಉಳಿದಿದೆಯೇ? ಒಂದು ಕಡತವಾದರೂ ಬೇಗ ಚಲಿಸಿದೆಯೇ?

ವ್ಯಂಗ್ಯದ ತವರು

ಈ ಪ್ರಶ್ನೆಯನ್ನು ಹಾವೇರಿ ಜಿಲ್ಲೆಯಿಂದಲೇ ಕೇಳುವುದು ಉಚಿತ. ಅಂದು ಹೂವಿನ ಗುರಿಯಾಗಿದ್ದ ಬೊಮ್ಮಾಯಿ ಅವರು ಈ ಜಿಲ್ಲೆಯ ಶಿಗ್ಗಾವಿ ಕ್ಷೇತ್ರದ ಶಾಸಕರಾಗಿದ್ದರು ಎಂಬುದಷ್ಟೇ ಅದಕ್ಕೆ ಕಾರಣವಲ್ಲ. ಅಧಿಕಾರಸ್ಥರನ್ನೂ ಆಷಾಢಭೂತಿಗಳನ್ನೂ ಮಾತಿನ ಚಾಟಿಯಿಂದ ಬಾರಿಸುವ ಕಲೆಗೆ ಈ ನೆಲದಲ್ಲಿ ಶತಮಾನಗಳ ಪರಂಪರೆಯಿದೆ. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳ ಜೊತೆ ಜನ ಸರ್ವಜ್ಞನ ಹೆಸರನ್ನು ಬೆಸೆದಿದ್ದಾರೆ. ಸಂತ ಶಿಶುನಾಳ ಶರೀಫರ ಊರು ಶಿಗ್ಗಾವಿ ತಾಲ್ಲೂಕಿನಲ್ಲಿದೆ. ಅದೇ ತಾಲ್ಲೂಕಿನ ಬಾಡ ಕನಕದಾಸರ ಹುಟ್ಟೂರು.

ಕನಕದಾಸರ 'ರಾಮಧಾನ್ಯಚರಿತೆ'ಯನ್ನು ಇಲ್ಲಿ ನೆನೆಯಬೇಕು. ರಾಗಿ ಮತ್ತು ಬತ್ತದ ನಡುವೆ ಹಿರಿಮೆಯ ಜಗಳ ಹುಟ್ಟುತ್ತದೆ. ಎರಡೂ ಒಂದನ್ನೊಂದು ಮೂದಲಿಸುತ್ತವೆ. ಮೂದಲಿಕೆಯಲ್ಲಿ ಗೆದ್ದವರು ಯಾರೆಂದು ರಾಮನು ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಬತ್ತ ಕಂದಿ ಕಳೆಗುಂದಿದ್ದರೆ ರಾಗಿ ಗಟ್ಟಿಯಾಗಿ ನಿಂತಿರುತ್ತದೆ. ದಣ್ಣಾಯಕನಾಗಿ ಆಡಳಿತವನ್ನು ಒಳಗಿನಿಂದ ಕಂಡವರೆಂದು ಪ್ರತೀತಿಯಿರುವ ಕವಿಯ ಕಲ್ಪನೆಯಿದು. ಅವರ ವಿಡಂಬನೆಯ ತಿರುಳು ಬೈಗುಳದಲ್ಲಿಲ್ಲ, ಅದರ ನಂತರ ಬರುವ ಪರೀಕ್ಷೆಯಲ್ಲಿದೆ. ನಮ್ಮ ಇಂದಿನ ರಾಜಕೀಯ ಹಾಸ್ಯವು ಮೂದಲಿಕೆಯ ಭಾಗವನ್ನು ಅಚ್ಚುಕಟ್ಟಾಗಿ ಕಲಿತಿದೆ; ಆರು ತಿಂಗಳ ಪರೀಕ್ಷೆಯ ಭಾಗವನ್ನು ಮರೆತಿದೆ.

ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆಗ ಮುಖ್ಯಮಂತ್ರಿಯಾಗಿದ್ದವರು ಜೆ.ಎಚ್. ಪಟೇಲರು, ಏಳು ಹೊಸ ಜಿಲ್ಲೆಗಳನ್ನು ರಚಿಸಿದ ಅವರ ಸರ್ಕಾರ ಹಳೆಯ ಧಾರವಾಡ ಜಿಲ್ಲೆಯನ್ನು ವಿಭಜಿಸಿ ಹಾವೇರಿ, ಗದಗಗಳಿಗೆ ಜಿಲ್ಲಾ ಸ್ಥಾನ ನೀಡಿತು. 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತನಾಡಿ ಇತಿಹಾಸ ನಿರ್ಮಿಸಿದ ಪಟೇಲರು ಕರ್ನಾಟಕ ಕಂಡ ಅತಿ ದೊಡ್ಡ ವಿನೋದಪ್ರಿಯ ಮುಖ್ಯಮಂತ್ರಿ ಎಂಬುದರಲ್ಲಿ ಎರಡು ಮಾತಿಲ್ಲ. ಅವರ ಹಾಸ್ಯದ ಮೊದಲ ಗುರಿ ಅವರೇ ಆಗಿರುತ್ತಿದ್ದರು; ತಮ್ಮ ದೌರ್ಬಲ್ಯಗಳನ್ನು ಮುಚ್ಚಿಡುವ ಗೋಜಿಗೆ ಅವರು ಹೋಗಲಿಲ್ಲ. ಆದರೆ ಅಧಿಕಾರದಲ್ಲಿರುವವರ ಹಾಸ್ಯಕ್ಕೆ ಇನ್ನೊಂದು ಮುಖವೂ ಇದೆ. ಕಠಿಣ ಪ್ರಶ್ನೆಗೆ ಚುರುಕಾದ ಚಟಾಕಿ ಸಿಕ್ಕರೆ ಕೇಳಿದವನು ನಕ್ಕು ಕುಳಿತುಬಿಡುತ್ತಾನೆ, ಉತ್ತರ ಮಾತ್ರ ಬಾಕಿ ಉಳಿಯುತ್ತದೆ. ಪಟೇಲರ ಕಾಲದ ಸದನ ಕಲಾಪಗಳನ್ನು ಇಂದು ಹಂಬಲದಿಂದ ನೆನೆಯುವವರು, 1999ರ ಚುನಾವಣೆಯಲ್ಲಿ ಚನ್ನಗಿರಿಯ ಮತದಾರರು ಅವರನ್ನೇ ಸೋಲಿಸಿದರು ಎಂಬುದನ್ನೂ ನೆನೆಯಬೇಕು. ಮಾತಿಗೆ ಮರುಳಾಗುವ ಮತದಾರ ಲೆಕ್ಕ ಕೇಳುವುದನ್ನು ಮರೆಯುತ್ತಾನೆ ಎಂದು ಭಾವಿಸುವುದು ತಪ್ಪು.

ಗೋಡೆಯ ಮೇಲಿನ ನಗೆ

ಹೂವಿಗಿಂತ ಐದು ತಿಂಗಳು ಮೊದಲು ಬಂದದ್ದು 'ಪೇಸಿಎಂ'. 2021ರ ಜುಲೈನಲ್ಲಿ ರಾಜ್ಯ ಗುತ್ತಿಗೆದಾರರ ಸಂಘವು ಪ್ರಧಾನಿಗೆ ಪತ್ರ ಬರೆದು, ಸರ್ಕಾರಿ ಕಾಮಗಾರಿಗಳಲ್ಲಿ ಟೆಂಡರ್ ಮೊತ್ತದ ಶೇ 40ರಷ್ಟು ಕಮಿಷನ್ ರೂಪದಲ್ಲಿ ಸೋರಿಹೋಗುತ್ತಿದೆ ಎಂದು ಆರೋಪಿಸಿತ್ತು. ಪತ್ರಗಳು ಬರುತ್ತವೆ, ಹೋಗುತ್ತವೆ; ಶೇಕಡಾವಾರು ಲೆಕ್ಕ ಜನರ ಮನಸ್ಸಿನಲ್ಲಿ ನಿಲ್ಲುವುದು ಅಪರೂಪ. 2022ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ ಪಕ್ಷವು ಮೊಬೈಲ್ ಪಾವತಿಯ ಭಿತ್ತಿಪತ್ರವನ್ನು ಅಣಕಿಸಿ, ಕ್ಯುಆರ್ ಕೋಡ್‌ನ ನಡುವೆ ಮುಖ್ಯಮಂತ್ರಿಯ ಮುಖವಿಟ್ಟು ಬೆಂಗಳೂರಿನ ಗೋಡೆಗಳಿಗೆ ಅಂಟಿಸಿದಾಗ ಆ 40ಕ್ಕೆ ಮುಖ ಬಂತು. ಕೋಡ್‌ಗೆ ಮೊಬೈಲ್ ಹಿಡಿದರೆ ಭ್ರಷ್ಟಾಚಾರದ ದೂರು ದಾಖಲಿಸುವ ಜಾಲತಾಣ ತೆರೆದುಕೊಳ್ಳುತ್ತಿತ್ತು. ತರಕಾರಿ ಅಂಗಡಿಯಲ್ಲೂ ಇಂಥದೇ ಚೌಕಟ್ಟನ್ನು ದಿನನಿತ್ಯ ಕಾಣುವ ಜನಕ್ಕೆ ವ್ಯಂಗ್ಯ ತಟ್ಟಲು ತಡವಾಗಲಿಲ್ಲ.

ಸರ್ಕಾರ ಆ ನಗೆಗೆ ಪ್ರತಿಯಾಗಿ ಲೆಕ್ಕ ಕೊಡಬಹುದಿತ್ತು, ಮರುನಗೆಯನ್ನಾದರೂ ಕೊಡಬಹುದಿತ್ತು. ಅದು ಪೊಲೀಸರನ್ನು ಕಳುಹಿಸಿತು. ಪ್ರಕರಣಗಳು ದಾಖಲಾದವು, ಪಕ್ಷದ ಸಾಮಾಜಿಕ ಜಾಲತಾಣದ ಕಾರ್ಯಕರ್ತರು ಬಂಧನಕ್ಕೊಳಗಾದರು. ಇದು ರಾಜ್ಯದ ಹೆಸರು ಕೆಡಿಸುವ ಸಂಚು ಎಂಬ ಮಾತು ಕೇಳಿಬಂತು. ಸೆಪ್ಟೆಂಬರ್ 23ರಂದು ವಿರೋಧ ಪಕ್ಷದ ಹಿರಿಯ ನಾಯಕರೇ ಅಂಟಿನ ಡಬ್ಬಿ ಹಿಡಿದು ಬೀದಿಗಿಳಿದಾಗ ಅವರನ್ನೂ ವಶಕ್ಕೆ ತೆಗೆದುಕೊಳ್ಳಲಾಯಿತು. ಅಣಕಕ್ಕೆ ಲಾಠಿ ಎತ್ತಿದ ಕ್ಷಣದಲ್ಲೇ ಅಣಕ ಗೆದ್ದಿತ್ತು. ಕೆಲವೇ ಗೋಡೆಗಳ ಮೇಲಿದ್ದ ಚಿತ್ರ ನಾಡಿನ ಎಲ್ಲ ಪತ್ರಿಕೆಗಳ ಮುಖಪುಟಕ್ಕೆ ಬಂತು.

2023ರ ಮೇ ತಿಂಗಳ ಚುನಾವಣೆಯಲ್ಲಿ ಕಾಂಗ್ರೆಸ್ 224ರಲ್ಲಿ 135 ಸ್ಥಾನ ಗೆದ್ದಿತು. ಹಾವೇರಿ ಜಿಲ್ಲೆಯ ಆರು ಕ್ಷೇತ್ರಗಳ ಪೈಕಿ ಬ್ಯಾಡಗಿ, ರಾಣೆಬೆನ್ನೂರು ಸೇರಿದಂತೆ ಐದು ಅದರ ಪಾಲಾದವು. ಶಿಗ್ಗಾವಿಯನ್ನು ಬೊಮ್ಮಾಯಿ ಅವರು ಉಳಿಸಿಕೊಂಡರು. ಅವರು ಲೋಕಸಭೆಗೆ ಆಯ್ಕೆಯಾದ ಬಳಿಕ 2024ರ ನವೆಂಬರ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಅದೂ ಕೈತಪ್ಪಿತು. ಇಷ್ಟೆಲ್ಲವನ್ನೂ ಒಂದು ಭಿತ್ತಿಪತ್ರದ ಲೆಕ್ಕಕ್ಕೆ ಬರೆಯುವುದು ಬಾಲಿಶ. ಬೆಲೆಯೇರಿಕೆ, ಜಾತಿ ಸಮೀಕರಣ, ಐದು ಗ್ಯಾರಂಟಿಗಳು, ಟಿಕೆಟ್ ಹಂಚಿಕೆಯ ಅಸಮಾಧಾನ ಎಲ್ಲವೂ ಅದರಲ್ಲಿ ಸೇರಿವೆ. ಆದರೂ ಒಂದು ಆಡಳಿತದ ಮೇಲಿನ ಚದುರಿದ ಅಸಮಾಧಾನಕ್ಕೆ ಎಲ್ಲರೂ ಹೇಳಬಲ್ಲ ಒಂದು ಪದ ಕೊಡುವ ಶಕ್ತಿ ಹಾಸ್ಯಕ್ಕಿದೆ ಎಂಬುದನ್ನು ಅಲ್ಲಗಳೆಯಲಾಗದು.

ಹೂವು ಕಿವಿ ಬದಲಾಯಿಸಿದಾಗ

ನಿಜವಾದ ಕಥೆ ಶುರುವಾಗುವುದು ಇಲ್ಲಿಂದ. ಹೂವು ಮುಡಿದವರು ಖಜಾನೆಯ ಕೀಲಿ ಹಿಡಿದರು. 2024ರ ಫೆಬ್ರುವರಿ 16ರಂದು, ಅಂದರೆ ಹೂವಿನ ಪ್ರಸಂಗಕ್ಕೆ ಸರಿಯಾಗಿ ಒಂದು ವರ್ಷಕ್ಕೆ ಒಂದು ದಿನ ಕಡಿಮೆಯಿರುವಾಗ, ಸಿದ್ದರಾಮಯ್ಯನವರು 3.71 ಲಕ್ಷ ಕೋಟಿ ರೂಪಾಯಿಗಳ ಬಜೆಟ್ ಮಂಡಿಸಿದರು. ಅಂದು ಹೊರನಡೆದ ಬಿಜೆಪಿ ಸದಸ್ಯರು ಜನಪ್ರಿಯ ಚಿತ್ರಗೀತೆಯೊಂದನ್ನು ತಿರುಚಿ, ಬಜೆಟ್‌ನಲ್ಲಿ ಏನೂ ಇಲ್ಲವೆಂದು ಫಲಕ ಹಿಡಿದು ಅಣಕಿಸಿದರು. ಪಾತ್ರಧಾರಿಗಳು ಅದಲುಬದಲಾಗಿದ್ದರು, ಪ್ರಹಸನ ಅದೇ ಆಗಿತ್ತು. ಅದೇ ತಿಂಗಳು ಗುತ್ತಿಗೆದಾರರ ಸಂಘ ಮತ್ತೆ ಬಾಯಿಬಿಟ್ಟು, ಹೊಸ ಸರ್ಕಾರದಲ್ಲೂ ಅಧಿಕಾರಿಗಳ ಕಮಿಷನ್ ಹಾವಳಿ ನಿಂತಿಲ್ಲವೆಂದು ದೂರಿತು. ಹೋದ ಪುಟ್ಟ, ಬಂದ ಪುಟ್ಟ ಎಂಬಂತಾಯಿತು ಪರಿಸ್ಥಿತಿ.

ಹಿಂದಿನ ಆಡಳಿತದ ಮೇಲಿನ ಆರೋಪಗಳ ತನಿಖೆಗೆ ನಿವೃತ್ತ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಅವರ ಆಯೋಗ ನೇಮಕಗೊಂಡು, 2025ರ ಮಾರ್ಚ್‌ನಲ್ಲಿ ವರದಿ ಸಲ್ಲಿಸಿತು. ಗುತ್ತಿಗೆದಾರರು ಪತ್ರ ಬರೆದ ದಿನದಿಂದ ವರದಿ ಕೈಸೇರಿದ ದಿನಕ್ಕೆ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ! ಭಿತ್ತಿಪತ್ರ ತಯಾರಿಸಲು ಒಂದು ರಾತ್ರಿ ಸಾಕು; ಲೆಕ್ಕ ತೆಗೆಯಲು ವರ್ಷಗಳು ಬೇಕು. ಈ ಅಂತರದಲ್ಲೇ ಪ್ರಜಾಪ್ರಭುತ್ವದ ನಿಜವಾದ ಸಂಕಟವಿದೆ. ಕ್ಯುಆರ್ ಕೋಡ್‌ನ ಮೂಲಕ ದೂರು ಆಹ್ವಾನಿಸಿದವರಿಗೆ ಆ ದೂರುಗಳ ಗತಿ ಏನಾಯಿತೆಂದು ನಾಡಿಗೆ ತಿಳಿಸುವ ಹೊಣೆಯೂ ಇದೆ. ಆ ಹೊಣೆ ನಿರ್ವಹಿಸದಿದ್ದರೆ ಜಾಲತಾಣವೂ ಜನರ ಕಿವಿಗೆ ಮುಡಿಸಿದ ಇನ್ನೊಂದು ಹೂವೇ ಆಗುತ್ತದೆ.

ಅಣಕಿಸಲ್ಪಟ್ಟವರ ನಡವಳಿಕೆಯೂ ಪಕ್ಷ ಬದಲಾದಂತೆ ಬದಲಾಗುವುದಿಲ್ಲ. ಚುನಾವಣೆಯ ಮುನ್ನಾದಿನಗಳಲ್ಲಿ ಕಾಂಗ್ರೆಸ್ ಪ್ರಕಟಿಸಿದ್ದ 'ಭ್ರಷ್ಟಾಚಾರದ ದರಪಟ್ಟಿ' ಜಾಹೀರಾತಿನ ವಿರುದ್ಧ ಬಿಜೆಪಿ ಹೂಡಿದ ಮಾನನಷ್ಟ ಪ್ರಕರಣದಲ್ಲಿ 2024ರ ಜೂನ್‌ನಲ್ಲಿ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್, ರಾಹುಲ್ ಗಾಂಧಿ ಅವರು ಬೆಂಗಳೂರಿನ ನ್ಯಾಯಾಲಯಕ್ಕೆ ಬಂದು ಜಾಮೀನು ಪಡೆಯಬೇಕಾಯಿತು. ಸುಳ್ಳು ಆರೋಪದಿಂದ ನೊಂದವರಿಗೆ ನ್ಯಾಯಾಲಯದ ಬಾಗಿಲು ತೆರೆದಿರಬೇಕು ನಿಜ. ಆದರೆ ವಿಡಂಬನೆಗೆ ಮೊದಲ ಉತ್ತರವೇ ಪೊಲೀಸ್ ಠಾಣೆ ಅಥವಾ ನ್ಯಾಯಾಲಯವಾದರೆ, ದೊಡ್ಡ ನಾಯಕರಿಗೆ ಜಾಮೀನು ಸಿಗುತ್ತದೆ. ಊರಿನ ಗೋಡೆಯ ಮೇಲೆ ವ್ಯಂಗ್ಯಚಿತ್ರ ಬರೆಯುವ ಹುಡುಗ ಹೆದರಿ ಕುಂಚ ಕೆಳಗಿಡುತ್ತಾನೆ.

ಯಾರಿಗೆ ನಗುವ ಹಕ್ಕು?

ಇದು ರಾಣೆಬೆನ್ನೂರಿನ ಕಡೆಗೆ ನಮ್ಮನ್ನು ತಿರುಗಿಸುತ್ತದೆ. 2017ರ ಜೂನ್‌ನಲ್ಲಿ ವಿಧಾನಸಭಾಧ್ಯಕ್ಷರಾಗಿದ್ದವರು ರಾಣೆಬೆನ್ನೂರಿನ ಶಾಸಕ ಕೆ.ಬಿ. ಕೋಳಿವಾಡ ಅವರು. ಶಾಸಕರ ಮಾನಹಾನಿ ಮಾಡುವಂತೆ ಬರೆದರೆಂಬ ದೂರಿನ ಮೇಲೆ ಹಕ್ಕುಬಾಧ್ಯತಾ ಸಮಿತಿ ನೀಡಿದ ವರದಿಯನ್ನು ಅಂಗೀಕರಿಸಿ, ಇಬ್ಬರು ಕನ್ನಡ ಪತ್ರಿಕಾ ಸಂಪಾದಕರಿಗೆ ತಲಾ ಒಂದು ವರ್ಷ ಸೆರೆವಾಸ ಮತ್ತು 10,000 ರೂಪಾಯಿ ದಂಡವನ್ನು ಅಂದು ಸದನ ವಿಧಿಸಿತು. ದೂರು ಕೊಟ್ಟವರಲ್ಲಿ ಆಡಳಿತ ಪಕ್ಷದವರೂ ವಿರೋಧ ಪಕ್ಷದವರೂ ಇದ್ದರು. ಸ್ವತಃ ಸಭಾಧ್ಯಕ್ಷರಿಗೆ ಸಂಬಂಧಿಸಿದ ಬರಹವೂ ಅದರಲ್ಲಿ ಸೇರಿತ್ತು. ಆ ಬರಹಗಳ ಅಭಿರುಚಿಯನ್ನು ಇಲ್ಲಿ ಸಮರ್ಥಿಸಬೇಕಿಲ್ಲ. ದೂರುದಾರರ ಬಳಗವೇ ನ್ಯಾಯಾಧೀಶರ ಪೀಠದಲ್ಲಿ ಕುಳಿತುಕೊಳ್ಳುವ ವಿಧಾನ ಎಷ್ಟು ಸರಿ ಎಂಬುದೇ ಪ್ರಶ್ನೆ.

ಸಂವಿಧಾನದ 194ನೇ ವಿಧಿಯ ಪ್ರಕಾರ ಶಾಸಕರು ಸದನದೊಳಗೆ ಆಡಿದ ಮಾತಿಗೆ ಯಾವ ನ್ಯಾಯಾಲಯದಲ್ಲೂ ಉತ್ತರಿಸಬೇಕಾಗಿಲ್ಲ. ಅಳುಕಿಲ್ಲದೆ ಸರ್ಕಾರವನ್ನು ಟೀಕಿಸಲೆಂದೇ ಈ ರಕ್ಷಣೆ. 1970ರ ದಶಕದಲ್ಲಿ ಎಲ್ಲ ವೈಫಲ್ಯಕ್ಕೂ ಸರ್ಕಾರ ವಿದೇಶಿ ಕೈವಾಡದ ಕಾರಣ ಕೊಡುತ್ತಿದ್ದಾಗ, ಸ್ವತಂತ್ರ ಪಕ್ಷದ ಪೀಲೂ ಮೋದಿ ಅವರು 'ನಾನು ಸಿಐಎ ಏಜೆಂಟ್' ಎಂಬ ಫಲಕವನ್ನು ಕೊರಳಿಗೆ ನೇತುಹಾಕಿಕೊಂಡು ಸಂಸತ್ತಿಗೆ ಬಂದದ್ದು ಈ ಸ್ವಾತಂತ್ರ್ಯದ ಅತ್ಯುತ್ತಮ ಬಳಕೆ. ಆದರೆ ಒಳಗಿರುವವರಿಗೆ ಯಾರನ್ನಾದರೂ ಅಣಕಿಸುವ ಹಕ್ಕು, ಹೊರಗಿರುವವರು ಅವರನ್ನು ಅಣಕಿಸಿದರೆ ಹಕ್ಕುಚ್ಯುತಿ ಎಂಬಂತಾದರೆ ರಕ್ಷಣೆ ಕೋಟೆಯಾಗಿಬಿಡುತ್ತದೆ.

ಅಮೆರಿಕದ ಒಂದು ಉದಾಹರಣೆ ಇಲ್ಲಿ ಪಾಠ ಹೇಳುತ್ತದೆ. ವಿಸ್ಕಾನ್ಸಿನ್ ರಾಜ್ಯದ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ 1975ರಿಂದ 1988ರವರೆಗೆ ತಿಂಗಳಿಗೊಂದರಂತೆ 'ಗೋಲ್ಡನ್ ಫ್ಲೀಸ್' ಎಂಬ ಅಣಕ ಪ್ರಶಸ್ತಿ ಘೋಷಿಸಿದರು. ಸಾರ್ವಜನಿಕ ಹಣವನ್ನು ಅತ್ಯಂತ ಹಾಸ್ಯಾಸ್ಪದವಾಗಿ ಪೋಲುಮಾಡಿದ ಇಲಾಖೆಗೆ ಆ 'ಗೌರವ'. ಮೊದಲ ಪ್ರಶಸ್ತಿ, ಜನ ಏಕೆ ಪ್ರೀತಿಯಲ್ಲಿ ಬೀಳುತ್ತಾರೆಂಬ ಸಂಶೋಧನೆಗೆ 84,000 ಡಾಲರ್ ಕೊಟ್ಟ ಸಂಸ್ಥೆಗೆ ಸಂದಿತು. ಇಲಾಖೆಯ ಹೆಸರು, ಯೋಜನೆಯ ಹೆಸರು, ಮೊತ್ತ ಮೂರನ್ನೂ ಹೇಳಿ ನಗಿಸುವುದು ಅವರ ಕ್ರಮ. ಆದರೆ ಕೋತಿಗಳ ವರ್ತನೆ ಕುರಿತು ಸಂಶೋಧನೆ ನಡೆಸಿದ್ದ ವಿಜ್ಞಾನಿಯೊಬ್ಬರು ಮೊಕದ್ದಮೆ ಹೂಡಿದಾಗ, 1979ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಸದನದೊಳಗಿನ ಮಾತಿಗೆ ಇರುವ ರಕ್ಷಣೆ ಪತ್ರಿಕಾ ಹೇಳಿಕೆಗೂ ಮತದಾರರಿಗೆ ಕಳುಹಿಸುವ ಸುದ್ದಿಪತ್ರಕ್ಕೂ ಇಲ್ಲ. ಪ್ರಾಕ್ಸ್‌ಮೈರ್ 10,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು. ಪ್ರಶಸ್ತಿಯನ್ನು ನಿಲ್ಲಿಸಲಿಲ್ಲ. ಮೂಲವಿಜ್ಞಾನದ ಮಹತ್ವ ತಿಳಿಯದೆ ನಗೆಯಾಡಿದರೆಂಬ ಟೀಕೆ ಅವರ ಮೇಲೆ ಕೊನೆಯವರೆಗೂ ಉಳಿಯಿತು. ಅಣಕಿಸುವವನೂ ಲೆಕ್ಕಕ್ಕೆ ಹೊರತಲ್ಲ ಎಂಬುದು ಈ ಪ್ರಕರಣದ ಸಾರ.

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ

ಸದನದ ಹಾಸ್ಯ ದಾರಿತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ 2021ರ ಡಿಸೆಂಬರ್ 16ರ ಬೆಳಗಾವಿ ಅಧಿವೇಶನ ಸಾಕ್ಷಿ. ಅತಿವೃಷ್ಟಿಯಿಂದ ಬೆಳೆ ಕಳೆದುಕೊಂಡ ರೈತರ ಬವಣೆ ಕುರಿತು ಮಾತನಾಡಲು ಸದಸ್ಯರು ಸಮಯ ಕೇಳುತ್ತಿದ್ದರು. ಆ ಗದ್ದಲದ ನಡುವೆ, ಮಾತಿನ ಮೋಡಿಗೆ ಹೆಸರಾದ ಹಿರಿಯ ಸದಸ್ಯ ಕೆ.ಆರ್. ರಮೇಶ್ ಕುಮಾರ್ ಅವರು ಅತ್ಯಾಚಾರವನ್ನು ಎಳೆತಂದು ಹೀನವಾದ ಹೋಲಿಕೆಯೊಂದನ್ನು ಆಡಿದರು. ಪೀಠವೂ ಸದನವೂ ನಕ್ಕವು. ದೇಶದಾದ್ಯಂತ ಆಕ್ರೋಶ ವ್ಯಕ್ತವಾಗಿ, ಮರುದಿನ ಅವರು ಕ್ಷಮೆ ಕೇಳಿದರು.

ಆ ಮಾತು ಹೆಣ್ಣುಮಕ್ಕಳಿಗೆ ಮಾಡಿದ ಅವಮಾನ ಎಷ್ಟು ಚರ್ಚೆಯಾದರೂ ಸಾಲದು. ಅದರ ಜೊತೆಗೆ ಇನ್ನೊಂದು ನಷ್ಟವೂ ಆಯಿತು. ರೈತರ ಬೆಳೆ ಹಾನಿಗೆ ಮೀಸಲಾಗಬೇಕಿದ್ದ ನಾಡಿನ ಗಮನ ಒಂದು ಕೆಟ್ಟ ಹಾಸ್ಯದ ಸುತ್ತ ಸುತ್ತಿತು. ವರದಾ, ತುಂಗಭದ್ರಾ, ಕುಮುದ್ವತಿ ತೀರದ ರೈತರಿಗೆ ಪರಿಹಾರದ ಮೊತ್ತ, ಸಮೀಕ್ಷೆಯ ವಿಳಂಬ ಮುಖ್ಯವಾಗಿದ್ದವು. ಬಲಿಷ್ಠರನ್ನು ಕುರಿತ ನಗೆ ವಿಡಂಬನೆಯಾಗುತ್ತದೆ. ನೊಂದವರನ್ನು ಕುರಿತ ನಗೆ ದರ್ಪವಾಗುತ್ತದೆ. ಸದನದಲ್ಲಿ ಈ ಗೆರೆ ಬಹಳ ತೆಳುವಾದುದು.

ನಗೆ ಖಾಲಿಯಾದಾಗ

ನಗಲಾಗದ ಸ್ಥಿತಿಯನ್ನೂ ಹಾವೇರಿ ಕಂಡಿದೆ. 2008ರ ಮೇ 30ರಂದು ಹೊಸ ಸರ್ಕಾರ ಅಧಿಕಾರ ಸ್ವೀಕರಿಸಿದ ಎರಡು ವಾರಗಳೊಳಗೆ, ಜೂನ್ 10ರಂದು, ಬಿತ್ತನೆ ಹಂಗಾಮಿನಲ್ಲಿ ರಸಗೊಬ್ಬರ ಸಿಗದೆ ಹಾವೇರಿಯಲ್ಲಿ ಪ್ರತಿಭಟಿಸಿದ ರೈತರ ಮೇಲೆ ಪೊಲೀಸರು ಗೋಲಿಬಾರ್ ನಡೆಸಿದರು. ಇಬ್ಬರು ರೈತರು ಪ್ರಾಣ ತೆತ್ತರು. ಮುಂಗಾರು ಪ್ರತಿವರ್ಷವೂ ಜೂನ್‌ನಲ್ಲೇ ಬರುತ್ತದೆ, ಗೊಬ್ಬರ ಆಗಲೇ ಬೇಕಾಗುತ್ತದೆ ಎಂಬುದು ಆಡಳಿತಕ್ಕೆ ಗೊತ್ತಿಲ್ಲದ ಸಂಗತಿಯೇ? ದಾಸ್ತಾನಿನ ಲೆಕ್ಕ ತಪ್ಪಿದ್ದಕ್ಕೆ ಬೆಲೆ ಕೊಟ್ಟವರು ಗೊಬ್ಬರದ ಸಾಲಿನಲ್ಲಿ ನಿಂತವರು.

2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಇನ್ನೊಂದು ಬಗೆಯ ಸಿಟ್ಟು ಸಿಡಿಯಿತು. ತನ್ನ ಕೆಂಪು ಬಣ್ಣಕ್ಕೆ ಹೆಸರಾಗಿ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಮೆಣಸಿನಕಾಯಿಯ ಊರದು. ಸೋಮವಾರದ ಮಾರುಕಟ್ಟೆಯಲ್ಲಿ ಬೆಲೆ ಏಕಾಏಕಿ ಕುಸಿದದ್ದನ್ನು ಕಂಡ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು. ಗಾಜುಗಳು ಪುಡಿಯಾದವು, ಅಗ್ನಿಶಾಮಕ ದಳದ ವಾಹನ ಸೇರಿದಂತೆ ವಾಹನಗಳು ಬೆಂಕಿಗೆ ಆಹುತಿಯಾದವು. ಹಿಂಸೆಯನ್ನು ಸಮರ್ಥಿಸಲಾಗದು. ಆದರೆ ವರ್ಷವಿಡೀ ಬೆವರು ಸುರಿಸಿದವನಿಗೆ, ತನ್ನ ಮಾಲಿನ ಬೆಲೆ ಏಕೆ ಬಿತ್ತೆಂದು ವಿವರಿಸುವವರು ಯಾರೂ ಸಿಗದಿದ್ದಾಗ ಆತ ಯಾವ ಭಾಷೆಯಲ್ಲಿ ಮಾತನಾಡಬೇಕು?

ರೈತ ಸಂಘ ಒಂದು ಕಾಲಕ್ಕೆ ಇದಕ್ಕೆ ಉತ್ತರ ಕಂಡುಕೊಂಡಿತ್ತು. ಸಾಲ ವಸೂಲಿಗೆ ರೈತರ ಮನೆಯ ಸಾಮಾನು ಜಪ್ತಿ ಮಾಡಿದ ಅಧಿಕಾರಿಗಳಿಗೆ ಪ್ರತಿಯಾಗಿ 'ಮರುಜಪ್ತಿ' ಎಂಬ ಚಳವಳಿ ಹೂಡಿತ್ತು. ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂಬ ಫಲಕಗಳನ್ನು ಹಳ್ಳಿಗಳ ಹೆಬ್ಬಾಗಿಲಲ್ಲಿ ನೆಟ್ಟಿತ್ತು. ಹಳೆಯ ಧಾರವಾಡ ಜಿಲ್ಲೆಯಿಂದ ವಿಧಾನಸಭೆಗೆ ಬಂದಿದ್ದ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ಮೊನಚು ವ್ಯಂಗ್ಯಕ್ಕೆ ಈ ಚಳವಳಿಯ ಬಲವಿತ್ತು. ಅಲ್ಲಿ ನಗೆ ಮತ್ತು ಸಂಘಟನೆ ಜೊತೆಗೂಡಿದ್ದವು. ಸಂಘಟನೆ ಸೊರಗಿ, ಅಣಕ ಪಕ್ಷಗಳ ಪ್ರಚಾರ ವಿಭಾಗದ ಸೊತ್ತಾದಾಗ ಹಳ್ಳಿಯ ಪಾಲಿಗೆ ಉಳಿಯುವುದು ಸಿಟ್ಟು ಮಾತ್ರ.

ನಗೆಯ ನಂತರದ ಲೆಕ್ಕ

ಹಾಗಾದರೆ ರಾಜಕಾರಣಿಗಳು ಹಾಸ್ಯವನ್ನು ಬಿಡಬೇಕೇ? ಖಂಡಿತ ಇಲ್ಲ. 'ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ' ಎಂಬ ಗಾದೆಯನ್ನು ಕಟ್ಟಿದ ಜನ ಸಾರ್ವಜನಿಕ ಹಣದ ಪೋಲನ್ನು ನಗುತ್ತಲೇ ಗುರುತಿಸಬಲ್ಲರು. ಅದನ್ನು ಗಂಭೀರವಾಗಿ ಹೇಳಿದರೆ ಕೇಳುವವರು ಕಡಿಮೆ. ಆದರೆ ನಗೆ ಬಾಗಿಲು ತಟ್ಟಬಲ್ಲದೇ ಹೊರತು ಒಳಗೆ ಹೋಗಿ ಕಡತ ಹುಡುಕಲಾರದು. ಆ ಕೆಲಸಕ್ಕೆ ಬೇರೆ ಸಾಧನಗಳಿವೆ.

2024ರ ಲೋಕಸಭಾ ಚುನಾವಣೆಯ 'ಚೊಂಬು' ಪ್ರಸಂಗವನ್ನೇ ನೋಡೋಣ. ಕೇಂದ್ರವು ರಾಜ್ಯಕ್ಕೆ ಕೊಟ್ಟದ್ದು ಖಾಲಿ ಚೊಂಬು ಎಂದು ಕಾಂಗ್ರೆಸ್ ಪತ್ರಿಕೆಗಳಲ್ಲಿ ಜಾಹೀರಾತು ನೀಡಿತು. ಚಿಕ್ಕಬಳ್ಳಾಪುರದ ಸಭೆಯಲ್ಲಿ ಎಚ್.ಡಿ. ದೇವೇಗೌಡರು, ಖಾಲಿ ಚೊಂಬನ್ನು ಮೋದಿಯವರು ಅಕ್ಷಯಪಾತ್ರೆಯಾಗಿಸಿದರೆಂದು ತಿರುಗೇಟು ನೀಡಿದರು. ಎರಡೂ ಒಳ್ಳೆಯ ಮಾತುಗಳೇ. ಆದರೆ ಬರಪರಿಹಾರಕ್ಕೆ ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಅದಕ್ಕಾಗಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಬಳಿಕ ಏಪ್ರಿಲ್ ಕೊನೆಯಲ್ಲಿ ಬಿಡುಗಡೆಯಾದದ್ದು 3,454 ಕೋಟಿ. ಚೊಂಬು ಜನರ ಗಮನ ಸೆಳೆಯಿತು. ಹಣದ ಬಾಗಿಲು ತೆರೆದದ್ದು ಅಂಕಿಅಂಶವಿದ್ದ ಅರ್ಜಿ.

ನಮ್ಮ ಶಾಸಕಾಂಗದ ಕೈಯಲ್ಲಿ ಇಂಥ ಅರ್ಜಿಗಿಂತಲೂ ಬಲವಾದ ಅಸ್ತ್ರವಿದೆ. ಮಹಾಲೇಖಪಾಲರ ವರದಿಗಳು ಸಂವಿಧಾನದ 151ನೇ ವಿಧಿಯಂತೆ ಸದನದ ಮುಂದೆ ಬರುತ್ತವೆ. ಅವನ್ನು ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷತೆ ಸಂಪ್ರದಾಯದಂತೆ ವಿರೋಧ ಪಕ್ಷಕ್ಕೆ ಸಲ್ಲುತ್ತದೆ. ಅಪೂರ್ಣ ಕಾಮಗಾರಿ, ಬಳಸದೆ ತುಕ್ಕು ಹಿಡಿದ ಯಂತ್ರ, ಖರ್ಚಾಗದೆ ಹಿಂದಿರುಗಿದ ಅನುದಾನ ಎಲ್ಲವೂ ಇಲಾಖೆಯ ಹೆಸರು ಮತ್ತು ಮೊತ್ತದ ಸಮೇತ ಅವುಗಳಲ್ಲಿರುತ್ತವೆ. ಯಾವ ಹಾಸ್ಯಗಾರನೂ ಕಲ್ಪಿಸಲಾರದ ಪ್ರಹಸನಗಳು ಆ ಒಣ ಪುಟಗಳಲ್ಲಿ ಮಲಗಿವೆ. ಆದರೆ ಅಧಿವೇಶನದ ಕೊನೆಯ ದಿನಗಳಲ್ಲಿ ವರದಿ ಮಂಡನೆಯಾಗುವುದು, ಸದಸ್ಯರು ಊರಿಗೆ ಹೊರಡುವ ತರಾತುರಿಯಲ್ಲಿ ಅದು ಚರ್ಚೆಯಿಲ್ಲದೆ ಕಪಾಟು ಸೇರುವುದು ವಾಡಿಕೆಯಾಗಿಬಿಟ್ಟಿದೆ. ಹೂವು ಮುಡಿದು ಬರುವ ಸದಸ್ಯರಲ್ಲಿ ಹತ್ತು ಮಂದಿ ಈ ವರದಿಗಳನ್ನು ಓದಿಕೊಂಡು ಬಂದರೆ ಯಾವ ಪಕ್ಷದ ಸರ್ಕಾರಕ್ಕೂ ನಡುಕ ಹುಟ್ಟೀತು.

ಹಾಗಾಗಿ ಇನ್ನು ಮುಂದೆ ಸದನದಲ್ಲಿ ಯಾರಾದರೂ ನಮ್ಮನ್ನು ನಗಿಸಿದಾಗ, ನಕ್ಕ ಮೇಲೆ ನಾವು ಕೆಲವು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ಈ ಅಣಕದಲ್ಲಿ ಇಲಾಖೆಯ ಹೆಸರಿದೆಯೇ, ಮೊತ್ತವಿದೆಯೇ? ಇದರ ಪೆಟ್ಟು ಬೀಳುತ್ತಿರುವುದು ಅಧಿಕಾರಸ್ಥರಿಗೋ, ನೊಂದವರಿಗೋ? ಇದೇ ಅಣಕ ನಾಳೆ ತನ್ನ ಕಡೆಗೆ ತಿರುಗಿದರೆ ಇವರು ಪೊಲೀಸರನ್ನು ಕರೆಯುತ್ತಾರೋ, ಲೆಕ್ಕದ ಪುಸ್ತಕ ತೆರೆಯುತ್ತಾರೋ? ಅದಕ್ಕಿಂತ ಮುಖ್ಯವಾಗಿ, ಆರು ತಿಂಗಳ ನಂತರ ಈ ವಿಷಯವನ್ನು ಇವರು ಮತ್ತೆ ಎತ್ತುತ್ತಾರೆಯೇ?

ಬಾಡದ ಕವಿ ರಾಗಿಯನ್ನೂ ಬತ್ತವನ್ನೂ ಪರೀಕ್ಷಿಸಲು ಇಟ್ಟ ಗಡುವು ಅದೇ. ಅದೇ ಜಿಲ್ಲೆಯ ರೈತ ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೊತ್ತು ತರುವಾಗ ಬಯಸುವುದೂ ಅಷ್ಟೇ: ತೂಕ ಸರಿಯಿರಲಿ, ದರ ಫಲಕದ ಮೇಲಿರಲಿ, ಇಳಿದರೆ ಏಕೆ ಇಳಿಯಿತೆಂದು ಯಾರಾದರೂ ಹೇಳಲಿ. ಅವನ ಪ್ರತಿನಿಧಿ ಸದನದಲ್ಲಿ ಕಿವಿಯ ಮೇಲೆ ಹೂವು ಮುಡಿಯಲಿ, ಬೇಡವೆನ್ನುವುದಿಲ್ಲ. ಹೂವು ತೆಗೆದಿಟ್ಟ ಮೇಲೆ ಆ ಕಿವಿ ಅವನ ಮಾತಿಗೆ ತೆರೆದಿರಬೇಕು.